ನೆದರ್‌ಲೆಂಡ್ಸ್‌ನ ಕನ್ನಡಿಗ ಅಪ್ಪ-ಅಮ್ಮಂದಿರಿಗೆ, ಫ್ಯಾಟ್‌ಬೈಕ್ ಕೊಡಿಸುವ ಮುಂಚೆ

ಆಮ್‌ಸ್ಟೆಲ್‌ವೇನ್, ಐಂಡ್‌ಹೋವನ್, ಉಟ್ರೆಕ್ಟ್, ಹೇಗ್, ಎಲ್ಲೆಲ್ಲಿ ಮನೆ ಮಾಡಿಕೊಂಡಿದ್ದೀರೋ ಅಲ್ಲಿನ ಎಲ್ಲ ಕನ್ನಡಿಗ ಅಪ್ಪ-ಅಮ್ಮಂದಿರಿಗೆ ನಮಸ್ಕಾರ.

ಬೇಸಿಗೆ ರಜೆ ಮುಗಿಯುತ್ತಾ ಬಂತು. ಗ್ರೂಪ್ ಎಂಟು ಮುಗಿಸಿದ ಮಕ್ಕಳು ಇನ್ನು ಹೈಸ್ಕೂಲಿಗೆ ಹೋಗುತ್ತಾರೆ. ಕೆಲವರಿಗೆ ಐದು ಕಿಲೋಮೀಟರ್, ಕೆಲವರಿಗೆ ಹತ್ತು. ನಮ್ಮೂರಿನ ಹಾಗೆ ಮನೆ ಬಾಗಿಲಿಗೆ ಸ್ಕೂಲ್ ವ್ಯಾನ್ ಬರುವುದಿಲ್ಲ. ಸೈಕಲ್ಲೇ ಗತಿ. ಪ್ರತಿ ವರ್ಷ ಈ ಹೊತ್ತಿಗೆ ನಮ್ಮ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಅದೇ ಪ್ರಶ್ನೆ ಬರುತ್ತದೆ: "ಮಗನಿಗೆ ಫ್ಯಾಟ್‌ಬೈಕ್ ತಗೋಬೇಕು, ಯಾವುದು ಚೆನ್ನಾಗಿದೆ?" ಫ್ಯಾಟ್‌ಬೈಕ್ ಅಂದರೆ ದಪ್ಪ ಟೈರಿನ ಎಲೆಕ್ಟ್ರಿಕ್ ಸೈಕಲ್. ಹತ್ತು ಜನ ಹತ್ತು ಲಿಂಕ್ ಹಾಕುತ್ತಾರೆ. ಬೆಲೆ, ಬ್ಯಾಟರಿ, ಕಳ್ಳರ ಕಾಟ, ಬೀಗ, ಎಲ್ಲ ಚರ್ಚೆ ಆಗುತ್ತದೆ. ಆ ಗಾಡಿ ನಿಜವಾಗಿ ಎಷ್ಟು ಸ್ಪೀಡ್ ಹೋಗುತ್ತದೆ, ಯಾರ್‍ಯಾರ ನಡುವೆ ನುಗ್ಗಿಕೊಂಡು ಹೋಗುತ್ತದೆ ಅಂತ ಮಾತ್ರ ಯಾರೂ ಕೇಳುವುದಿಲ್ಲ. ಅದಕ್ಕೇ ಈ ಪತ್ರ.

ಎಲೆಕ್ಟ್ರಿಕ್ ಸೈಕಲ್ ಮೇಲೆ ನನಗೆ ಯಾವ ಸಿಟ್ಟೂ ಇಲ್ಲ. ನಾನು ಆಫೀಸಿಗೆ ಹೋಗುವುದೇ ಅದರಲ್ಲಿ. ನವೆಂಬರ್‌ನಲ್ಲಿ ಮಳೆ ಅಡ್ಡಡ್ಡ ಹೊಡೆಯುತ್ತಾ ಎದುರುಗಾಳಿ ಎದೆಗೆ ಕೈ ಕೊಟ್ಟು ತಳ್ಳುವಾಗ ಆ ಪುಟ್ಟ ಮೋಟಾರು ಮಾಡುವ ಉಪಕಾರ ತುಳಿದವರಿಗೇ ಗೊತ್ತು. ಮುಂದಿನ ಡಬ್ಬದಲ್ಲಿ ಎರಡು ಮಕ್ಕಳು, ಒಂದು ವಾರದ ತರಕಾರಿ ಹೇರಿಕೊಂಡು ಬಾಕ್‌ಫೀಟ್ಸ್ ಅನ್ನುವ ಡಬ್ಬದ ಸೈಕಲ್ಲಿನಲ್ಲಿ ಸೇತುವೆ ಹತ್ತುವ ಅಮ್ಮಂದಿರನ್ನು ಕೇಳಿ ನೋಡಿ. ಎಪ್ಪತ್ತು ದಾಟಿದ ಡಚ್ ಅಜ್ಜ-ಅಜ್ಜಿಯರು ಊರೂರು ಸುತ್ತುವುದೂ ಅದರ ದಯೆಯಿಂದಲೇ. ನನ್ನ ತಕರಾರು ಇರುವುದು ಸೈಕಲ್ ವೇಷ ಹಾಕಿಕೊಂಡ ಮೊಪೆಡ್ ಬಗ್ಗೆ. ಅದರ ಮೇಲೆ ಹನ್ನೆರಡು ವರ್ಷದ ಮಗುವನ್ನು ಕೂರಿಸಿ, ಜನ ತುಂಬಿದ ಸೈಕಲ್ ದಾರಿಗೆ ಕಳಿಸುತ್ತೇವಲ್ಲ, ಅದರ ಬಗ್ಗೆ.

ಕಾನೂನು ಕಷ್ಟದ್ದೇನಲ್ಲ. ಐರೋಪ್ಯ ಒಕ್ಕೂಟದ ನಿಯಮ. ಮೋಟಾರು 250 ವ್ಯಾಟ್ ದಾಟಬಾರದು. ಪೆಡಲ್ ತುಳಿದಾಗ ಮಾತ್ರ ಅದು ಜೊತೆಗೆ ಬರಬೇಕು. ಗಂಟೆಗೆ 25 ಕಿ.ಮೀ. ಮುಟ್ಟಿದ ಕೂಡಲೇ ಸುಮ್ಮನಾಗಬೇಕು. ತುಳಿಯದೆ ಓಡಬಹುದಾದದ್ದು ಗಂಟೆಗೆ 6 ಕಿ.ಮೀ. ಮಾತ್ರ, ಅದೂ ತಳ್ಳಿಕೊಂಡು ಹೋಗುವಾಗ ಭಾರ ಆಗದಿರಲಿ ಅಂತ. ಇಷ್ಟಕ್ಕೆ ನಿಂತರೆ ಅದು ಸೈಕಲ್. ಲೈಸೆನ್ಸ್ ಬೇಡ, ನಂಬರ್ ಪ್ಲೇಟ್ ಬೇಡ. ಇದಕ್ಕಿಂತ ಜೋರಾಗಿ ಹೋಗಬೇಕು ಅನ್ನುವವರಿಗೆ 45ರವರೆಗೆ ಹೋಗುವ ಸ್ಪೀಡ್ ಪೆಡೆಲೆಕ್ ಇದೆ. ಅದನ್ನು ಈ ದೇಶ 2017ರಿಂದ ಮೊಪೆಡ್ ಸಾಲಿಗೆ ಸೇರಿಸಿದೆ. ಹಳದಿ ಪ್ಲೇಟ್, ವಿಮೆ, ಹೆಲ್ಮೆಟ್, ಲೈಸೆನ್ಸ್, ಕನಿಷ್ಠ 16 ವರ್ಷ, ಎಲ್ಲ ಬೇಕು.

ಫ್ಯಾಟ್‌ಬೈಕ್ ಅಂಗಡಿಯಿಂದ ಬರುವಾಗ ಕಾಗದದ ಮೇಲೆ 25ರದ್ದೇ ಆಗಿರುತ್ತದೆ. ಮನೆಗೆ ಬಂದ ಮೇಲೆ ಕಥೆ ಶುರು. ಬಹಳಷ್ಟು ಮಾಡೆಲ್‌ಗಳಲ್ಲಿ ಆ ಮಿತಿ ಬರೀ ಸಾಫ್ಟ್‌ವೇರ್‌ನದ್ದು. ಡಿಸ್‌ಪ್ಲೇಯಲ್ಲಿ ಒಂದು ಸೆಟ್ಟಿಂಗ್, ಇಲ್ಲವೇ ಫೋನಿನಲ್ಲಿ ಒಂದು ಆ್ಯಪ್. ನಮ್ಮ ಮಕ್ಕಳಿಗೆ ಅದು ಐದು ನಿಮಿಷದ ಕೆಲಸ, ಸಾಫ್ಟ್‌ವೇರ್ ಮನೆಯಲ್ಲೇ ಹುಟ್ಟಿದವರು ತಾನೇ? ಕೆಲವದಕ್ಕೆ ಹ್ಯಾಂಡಲ್ ಮೇಲೆ ಹೆಬ್ಬೆರಳಿಗೊಂದು ಎಕ್ಸಿಲರೇಟರ್ ಬೇರೆ. ಆಮೇಲೆ ಪೆಡಲ್ ಇರುವುದು ಕಾಲಿಡುವುದಕ್ಕೆ ಅಷ್ಟೆ. ದೂರದಿಂದಲೇ ಗುರುತು ಸಿಗುತ್ತದೆ: ಮಂಡಿ ಅಲ್ಲಾಡುವುದಿಲ್ಲ, ಉದ್ದ ಸೀಟಿನ ಮೇಲೆ ಇಬ್ಬರು, ಹಿಂದಿನವನ ಕೈಯಲ್ಲಿ ಫೋನ್, ಗಾಡಿ ಮಾತ್ರ 35-40ರಲ್ಲಿ ಬರುತ್ತಿರುತ್ತದೆ. ಇಂಜಿನ್ ಸದ್ದಿಲ್ಲ. ದಪ್ಪ ಟೈರಿನ ಗುಂಯ್ ಅನ್ನುವ ಸದ್ದು ಕಿವಿಗೆ ಬೀಳುವಷ್ಟರಲ್ಲಿ ಪಕ್ಕಕ್ಕೇ ಬಂದಿರುತ್ತದೆ.

ಹೋದ ವರ್ಷ ನನ್ನ ಅಮ್ಮ ಊರಿಂದ ಬಂದಿದ್ದರು. ಇಲ್ಲಿಗೆ ಬರುವ ನಮ್ಮ ಅಪ್ಪ-ಅಮ್ಮಂದಿರು ಎಲ್ಲರೂ ಮಾಡುವ ಎರಡು ಕೆಲಸ ಅವರೂ ಮಾಡಿದರು. ಮೊದಲನೆಯದು, ಸೈಕಲ್ ದಾರಿಯ ಕೆಂಪು ಹಾಸು ಕಂಡ ಕೂಡಲೇ ವಾಕಿಂಗ್ ಟ್ರ್ಯಾಕ್ ಅಂದುಕೊಂಡು ಅದರ ಮೇಲೇ ನಡೆಯಲು ಶುರು ಮಾಡಿದರು. ಬೆಂಗಳೂರಿನ ಪಾರ್ಕಿನಲ್ಲಿ ಅಷ್ಟು ನುಣುಪಾದ ಹಾಸು ಹಾಕುವುದೇ ನಡೆಯುವವರಿಗೆ, ಅವರದೇನು ತಪ್ಪು? ಎರಡನೆಯದು ಇನ್ನೂ ಅಪಾಯದ್ದು. ರಸ್ತೆ ದಾಟುವ ಮುಂಚೆ ಬಲಕ್ಕೆ ನೋಡುವುದು. ನಮ್ಮಲ್ಲಿ ವಾಹನ ಎಡಬದಿಯಲ್ಲಿ ಓಡುತ್ತವೆ, ಹಾಗಾಗಿ ಮೊದಲು ಎದುರಾಗುವುದು ಬಲಗಡೆಯಿಂದ. ಅರವತ್ತು ವರ್ಷದ ಅಭ್ಯಾಸ ಅದು. ಇಲ್ಲಿ ಮೊದಲು ಬರುವುದು ಎಡಗಡೆಯಿಂದ.

ಇಲ್ಲಿನ ಎಷ್ಟೋ ಬಸ್ ಸ್ಟಾಪ್‌ಗಳು ಹೇಗಿವೆ ಅಂತ ನಿಮಗೆ ಗೊತ್ತು. ಬಸ್ ಹತ್ತುವವರು ಫುಟ್‌ಪಾತ್‌ನಿಂದ ಸ್ಟಾಪ್ ಸೇರಬೇಕಾದರೆ ನಡುವೆ ಸೈಕಲ್ ದಾರಿ ದಾಟಬೇಕು. ಅಮ್ಮ ಫುಟ್‌ಪಾತ್ ಅಂಚಿಗೆ ಬಂದರು, ಬಲಕ್ಕೆ ನೋಡಿದರು, ಹೆಜ್ಜೆ ಇಟ್ಟರು. ಎಡದಿಂದ ಫ್ಯಾಟ್‌ಬೈಕ್ ಬಂತು. ನಾನು ಸೆರಗು ಹಿಡಿದು ಎಳೆದೆ. ಹ್ಯಾಂಡಲ್ ಅವರ ಕೈಚೀಲಕ್ಕೆ ಸಿಕ್ಕಿ ಚೀಲ ಹರಿದು, ಮೆಂತ್ಯ ಸೊಪ್ಪು, ಈರುಳ್ಳಿ, ಮಾತ್ರೆ ಡಬ್ಬಿ ಎಲ್ಲ ಕೆಂಪು ಹಾಸಿನ ಮೇಲೆ ಚೆಲ್ಲಿತು. ಇಪ್ಪತ್ತು ಮೀಟರ್ ಮುಂದೆ ಹೋಗಿ ಗಾಡಿ ನಿಧಾನ ಮಾಡಿದ ಹುಡುಗರಲ್ಲಿ ಹಿಂದೆ ಕೂತಿದ್ದವನು ತಿರುಗಿ "ಸಾರಿ ಆಂಟಿ" ಅಂದ. ಆಮೇಲೆ ಹೊರಟೇಬಿಟ್ಟರು.

ಡಚ್ ಹುಡುಗರು ಆಂಟಿ ಅನ್ನುವುದಿಲ್ಲ. ಅದಕ್ಕೇ ಈ ಪತ್ರವನ್ನು ಇಲ್ಲಿನ ನಗರಸಭೆಗೆ ಡಚ್‌ನಲ್ಲಿ ಬರೆಯದೆ ನಿಮಗೆ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಸ್ವಲ್ಪ ಲೆಕ್ಕ ಹಾಕೋಣ, ಹೈಸ್ಕೂಲ್ ಫಿಸಿಕ್ಸ್ ಸಾಕು. 25ರಲ್ಲಿ ಹೋಗುವ ಸೈಕಲ್ ಸೆಕೆಂಡಿಗೆ ಸುಮಾರು 7 ಮೀಟರ್ ದಾಟುತ್ತದೆ. ಅಡ್ಡ ಬಂದವರನ್ನು ಕಂಡು ಬ್ರೇಕ್ ಒತ್ತುವುದಕ್ಕೆ ಒಂದು ಸೆಕೆಂಡ್ ಅಂತ ಇಟ್ಟುಕೊಳ್ಳಿ. ಆಮೇಲೆ ಒಳ್ಳೆ ಬ್ರೇಕ್ ಇದ್ದರೆ ನಿಲ್ಲಲು ಇನ್ನೊಂದು 6 ಮೀಟರ್. ಒಟ್ಟು 13. ಅಂದರೆ ಒಂದು ಬಿಎಂಟಿಸಿ ಬಸ್ಸಿನ ಉದ್ದಕ್ಕಿಂತ ತುಸು ಜಾಸ್ತಿ. ಅದೇ ಗಾಡಿ 40ರಲ್ಲಿ ಇದ್ದರೆ? ಬ್ರೇಕ್ ಮುಟ್ಟುವ ಮುಂಚೆಯೇ 11 ಮೀಟರ್ ಹೋಗಿರುತ್ತದೆ, ನಿಲ್ಲಲು ಇನ್ನೂ 15. ಎರಡು ಬಸ್ಸಿನ ಉದ್ದ ಬೇಕು. ತಾಗಿದಾಗಿನ ಹೊಡೆತ ಎರಡೂವರೆ ಪಟ್ಟು. ಮೂವತ್ತು ಕೆಜಿ ದಾಟುವ ಗಾಡಿ, ಮೇಲೆ ಇಬ್ಬರು ಹುಡುಗರು. ಮಳೆ ಬಿದ್ದು ಎಲೆ ಉದುರಿದ ಅಕ್ಟೋಬರ್ ದಾರಿಯಲ್ಲಿ ಈ ಲೆಕ್ಕವೂ ಸುಳ್ಳು, ಇನ್ನೂ ಜಾಸ್ತಿಯೇ ಬೇಕು.

ಇದನ್ನೆಲ್ಲ ಖಾಲಿ ಹೆದ್ದಾರಿಯಲ್ಲಿ ಮಾಡಿದ್ದರೆ ಅದು ಅವರವರ ಹಣೆಬರಹ ಅನ್ನಬಹುದಿತ್ತು. ಬೆಳಗ್ಗೆ ಎಂಟೂಕಾಲಿಗೆ ಯಾವುದಾದರೂ ಶಾಲೆ ಹತ್ತಿರದ ಸೈಕಲ್ ದಾರಿ ನೋಡಿ. ಎರಡು ಎರಡೂವರೆ ಮೀಟರ್ ಅಗಲ. ಅದರಲ್ಲಿ ಆರು ವರ್ಷದ ಮಗಳ ಬೆನ್ನ ಮೇಲೆ ಕೈ ಇಟ್ಟು ಪಕ್ಕದಲ್ಲೇ ಸೈಕಲ್ ತುಳಿಯುವ ಅಪ್ಪ. ಹರಟೆ ಹೊಡೆಯುತ್ತಾ ಅಕ್ಕಪಕ್ಕ ಹೋಗುವ ಹುಡುಗಿಯರು. ಸ್ಕೂಟ್‌ಮೊಬೀಲ್ ಅನ್ನುವ, ನಡೆಯಲು ಕಷ್ಟ ಆಗುವವರ ಬ್ಯಾಟರಿ ಗಾಡಿಯಲ್ಲಿ ಆಸ್ಪತ್ರೆಗೆ ಹೊರಟ ಅಜ್ಜಿ. ಇವರೆಲ್ಲ ಹದಿನೈದು, ಹದಿನೆಂಟರಲ್ಲಿ ಹೋಗುವವರು. ಒಬ್ಬರಿಗೊಬ್ಬರು ಕಣ್ಣಲ್ಲೇ ಮಾತಾಡಿಕೊಂಡು ಜಾಗ ಬಿಡುತ್ತಾರೆ. ಇಲ್ಲಿನ ಸೈಕಲ್ ವ್ಯವಸ್ಥೆ ನಿಂತಿರುವುದು ಅದರ ಮೇಲೇ, ಎಲ್ಲರ ಸ್ಪೀಡ್ ಹೆಚ್ಚುಕಡಿಮೆ ಒಂದೇ ಇರುತ್ತದೆ ಅನ್ನುವ ನಂಬಿಕೆ ಮೇಲೆ. ಆ ನಡುವೆ ಎರಡು ಪಟ್ಟು ಸ್ಪೀಡ್‌ನಲ್ಲಿ ಒಬ್ಬ ಬಂದರೆ ಕಣ್ಣಲ್ಲಿ ಮಾತಾಡಲು ಹೊತ್ತೇ ಸಿಗುವುದಿಲ್ಲ. ಆಮ್‌ಸ್ಟರ್‌ಡಾಮ್ ಇದೇ ಕಾರಣಕ್ಕೆ 2019ರ ಏಪ್ರಿಲ್‌ನಲ್ಲಿ ನೀಲಿ ಪ್ಲೇಟಿನ ಸ್ಕೂಟರ್‌ಗಳನ್ನು ರಿಂಗ್ ರಸ್ತೆಯೊಳಗೆ ಸೈಕಲ್ ದಾರಿಯಿಂದ ಎಬ್ಬಿಸಿ ಕಾರಿನ ರಸ್ತೆಗೆ ಕಳಿಸಿತು, ಹೆಲ್ಮೆಟ್ ಹಾಕಿಸಿತು. ಅವುಗಳ ಅಧಿಕೃತ ಮಿತಿಯೂ 25 ಕಿ.ಮೀ. ಆಗಿತ್ತು ಅನ್ನುವುದನ್ನು ಗಮನಿಸಿ. ಸ್ಕೂಟರ್ ಹೋಗಿ ದಾರಿ ಖಾಲಿ ಆಯಿತು ಅನ್ನುವಷ್ಟರಲ್ಲಿ ಆ ಜಾಗಕ್ಕೆ ಫ್ಯಾಟ್‌ಬೈಕ್ ಬಂತು.

ಈ ದೇಶದಲ್ಲಿ 2024ರಲ್ಲಿ ರಸ್ತೆ ಅಪಘಾತಗಳಲ್ಲಿ ಸತ್ತವರು 675 ಜನ. ಅವರಲ್ಲಿ 246 ಜನ ಸೈಕಲ್ ಸವಾರರು, ಹೆಚ್ಚಿನವರು ವಯಸ್ಸಾದವರು. ಇವರೆಲ್ಲ ಫ್ಯಾಟ್‌ಬೈಕ್‌ಗೆ ಸಿಕ್ಕವರು ಅಂತ ನಾನು ಹೇಳುತ್ತಿಲ್ಲ, ಹಾಗಂದರೆ ಸುಳ್ಳಾಗುತ್ತದೆ. ಕಾರು ಗುದ್ದಿ ಸತ್ತವರು ಬಹಳ, ತಾವಾಗಿಯೇ ಬಿದ್ದವರೂ ಬಹಳ. ಆದರೆ ಬಿದ್ದರೆ ಏಳಲಾರದ ವಯಸ್ಸಿನವರು ಇಷ್ಟೊಂದು ಜನ ಸೈಕಲ್ ದಾರಿಯಲ್ಲಿ ಇದ್ದಾರೆ ಅನ್ನುವುದು ನೆನಪಿರಲಿ. ಪಕ್ಕದಲ್ಲಿ ಸರ್ರನೆ ಏನೋ ಹಾದುಹೋದರೆ ಸಾಕು, ತಾಗಬೇಕಿಲ್ಲ, ಅವರು ಬೆಚ್ಚಿ ಬೀಳುತ್ತಾರೆ. ಅದು ಯಾವ ಲೆಕ್ಕಕ್ಕೂ ಬರುವುದಿಲ್ಲ.

ನಮ್ಮಲ್ಲೊಂದು ಹಳೇ ಮಾತಿದೆಯಲ್ಲ, "ಲೇಔಟ್ ಒಳಗೆ ಮಾತ್ರ ಓಡಿಸ್ತಾನೆ ಬಿಡಿ" ಅಂತ. ಬೆಂಗಳೂರಿನಲ್ಲಿ, ಮೈಸೂರಿನಲ್ಲಿ, ಹುಬ್ಬಳ್ಳಿಯಲ್ಲಿ, ಒಂಬತ್ತನೇ ಕ್ಲಾಸಿನ ಮಗನಿಗೆ ಸ್ಕೂಟರ್ ಕೀ ಕೊಟ್ಟು ಟ್ಯೂಷನ್‌ಗೆ ಕಳಿಸುವ ಎಲ್ಲ ಅಪ್ಪಂದಿರೂ ಹೇಳುವ ಮಾತು. ಲೇಔಟ್ ಮುಗಿದು ಮೇನ್ ರೋಡ್ ಎಲ್ಲಿ ಶುರು ಆಗುತ್ತದೆ ಅಂತ ಆ ಹುಡುಗನಿಗೂ ಗೊತ್ತಿಲ್ಲ, ಅಪ್ಪನಿಗೂ ಬೇಕಿಲ್ಲ. ನಮ್ಮ ದೇಶದಲ್ಲೇ ಇದಕ್ಕೆ 2019ರ ತಿದ್ದುಪಡಿ ಬಂದು, ಅಪ್ರಾಪ್ತ ಮಗ ಗಾಡಿ ಓಡಿಸಿ ಸಿಕ್ಕಿಬಿದ್ದರೆ ಅಪ್ಪ-ಅಮ್ಮನಿಗೇ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು ಅಂತ ಆಗಿದೆ. ಆ ಲೇಔಟ್ ಬುದ್ಧಿಯನ್ನು ನಾವು ಮಸಾಲೆಪುಡಿ ಜೊತೆ ಸೂಟ್‌ಕೇಸಿನಲ್ಲಿ ಹಾಕಿಕೊಂಡು ಬಂದಿದ್ದೇವೆ ಅಂತ ಒಮ್ಮೊಮ್ಮೆ ಅನ್ನಿಸುತ್ತದೆ. "ಇಲ್ಲೇನು, ಸೈಕಲ್ ದಾರಿಯಲ್ಲಿ ತಾನೇ ಹೋಗೋದು, ಲಾರಿ ಇಲ್ಲ, ಬಸ್ ಇಲ್ಲ" ಅನ್ನುತ್ತಾರೆ. ನಿಮ್ಮ ಮಗನಿಗೆ ಲಾರಿ ಇಲ್ಲ, ಸರಿ. ಮಿಕ್ಕವರಿಗೆ ಅಲ್ಲಿ ಲಾರಿ ಅಂದರೆ ಅವನೇ ಅಲ್ವಾ?

ಇನ್ನು ದುಡ್ಡಿನ ಮಾತಿಗೆ ಬರೋಣ. ಸುರಕ್ಷತೆ ಅಂದರೆ ಕಿವಿ ಮುಚ್ಚಿಕೊಳ್ಳುವವರೂ ಇದಕ್ಕೆ ಕಿವಿ ಕೊಡುತ್ತಾರೆ. ನಮ್ಮಲ್ಲಿ ಎಷ್ಟೋ ಮನೆಗಳವರು ತಿಂಗಳಿಗೆ ಕೆಲವೇ ಯೂರೊ ಕಟ್ಟಿ ಆನ್‌ಸ್ಪ್ರಾಕೆಲೆಕ್‌ಹೆಯ್ಟ್ಸ್‌ಫರ್‌ಜೇಕರಿಂಗ್ ಮಾಡಿಸಿದ್ದೇವೆ. ಹೆಸರು ಹೇಳಿ ಮುಗಿಸುವಷ್ಟರಲ್ಲಿ ಉಸಿರು ಕಟ್ಟುತ್ತದೆ, ಆದರೆ ಒಳ್ಳೆ ವಿಮೆ. ಮಗ ಪಕ್ಕದ ಮನೆ ಕಿಟಕಿ ಒಡೆದರೆ ಅದು ಕೊಡುತ್ತದೆ. ಸೈಕಲ್‌ನಲ್ಲಿ ಹೋಗಿ ಯಾರಿಗಾದರೂ ಗುದ್ದಿದರೂ ಕೊಡುತ್ತದೆ. ಮೋಟಾರು ವಾಹನದಿಂದ ಆದ ಹಾನಿಗೆ ಮಾತ್ರ ಕೊಡುವುದಿಲ್ಲ. ಮಿತಿ ಬಿಚ್ಚಿದ ಫ್ಯಾಟ್‌ಬೈಕ್ ಕಾನೂನಿನ ಕಣ್ಣಲ್ಲಿ ಸೈಕಲ್ ಅಲ್ಲ, ವಿಮೆ ಇಲ್ಲದ, ನಂಬರ್ ಇಲ್ಲದ ಮೊಪೆಡ್. ಗುದ್ದಿಸಿಕೊಂಡವರಿಗೆ ಇಲ್ಲಿನ ಮೋಟಾರು ಪರಿಹಾರ ನಿಧಿ ಹಣ ಕೊಡಬಹುದು. ಕೊಟ್ಟಿದ್ದನ್ನು ಅದು ಆಮೇಲೆ ತಪ್ಪು ಮಾಡಿದವರ ಹತ್ತಿರ ವಸೂಲಿಗೆ ಬರುತ್ತದೆ.

ತಪ್ಪು ಮಾಡಿದವರು ಯಾರು? ಇಲ್ಲಿನ ನಾಗರಿಕ ಸಂಹಿತೆ ಪ್ರಕಾರ 14 ವರ್ಷದ ಒಳಗಿನ ಮಗು ಮಾಡಿದ ಹಾನಿಗೆ ಅಪ್ಪ-ಅಮ್ಮನೇ ಹೊಣೆ. 14, 15ರ ಮಕ್ಕಳಾದರೆ, ತಡೆಯಲು ನಮ್ಮಿಂದ ಆಗಬೇಕಾದದ್ದನ್ನೆಲ್ಲ ಮಾಡಿದ್ದೆವು ಅಂತ ತೋರಿಸಿದರೆ ಬಚಾವ್. ನೀವೇ ಕೊಡಿಸಿದ ಗಾಡಿ, ನಿಮ್ಮದೇ ಶೆಡ್ಡಿನಲ್ಲಿ ಚಾರ್ಜ್ ಆಗುವ ಗಾಡಿ, ಅದಕ್ಕೆ ಎಕ್ಸಿಲರೇಟರ್ ಇತ್ತು ಅಂತ ಗೊತ್ತಿರಲಿಲ್ಲ ಅಂತ ಯಾರ ಹತ್ತಿರ ಹೇಳುತ್ತೀರಿ? ಸೊಂಟದ ಮೂಳೆ ಮುರಿದ ಒಬ್ಬ ಅಜ್ಜಿಯ ಆಸ್ಪತ್ರೆ, ಆರೈಕೆ, ಮುಂದಿನ ವರ್ಷಗಳ ಖರ್ಚು ಎಷ್ಟಾಗುತ್ತದೆ ಅಂತ ಊಹಿಸಿ. ಪೊಲೀಸರು ಹಾಕುವ ದಂಡ ಅದರ ಮುಂದೆ ಚಿಲ್ಲರೆ ಕಾಸು. ಅವರು ರೋಲರ್ ಮೇಲೆ ಚಕ್ರ ಓಡಿಸಿ ಸ್ಪೀಡ್ ಅಳೆಯುತ್ತಾರೆ, ಗಾಡಿಯನ್ನೇ ಎತ್ತಿಕೊಂಡು ಹೋಗಲೂಬಹುದು.

ಸರ್ಕಾರ ಏನು ಮಾಡುತ್ತಿದೆ ಅಂತ ಕೇಳುತ್ತೀರಿ. ಮಾತಾಡುತ್ತಿದೆ. 2024ರಲ್ಲಿ ಸಂಸತ್ತಿನ ಬಹುಮತ ಫ್ಯಾಟ್‌ಬೈಕ್‌ಗೆ ಹೆಲ್ಮೆಟ್ ಕಡ್ಡಾಯ ಮಾಡಿ, 14 ವರ್ಷದ ಮಿತಿ ಇಡಿ ಅಂತ ಒತ್ತಾಯಿಸಿತು. ಕೂಡಲೇ ಗಂಟು ಬಿತ್ತು. ಫ್ಯಾಟ್‌ಬೈಕ್ ಅಂದರೆ ಯಾವುದು? ಟೈರ್ ಇಷ್ಟು ದಪ್ಪ ಅಂತ ಬರೆದರೆ ಮುಂದಿನ ತಿಂಗಳೇ ಒಂದಿಷ್ಟು ತೆಳ್ಳಗಿನ ಟೈರ್ ಮಾರುಕಟ್ಟೆಗೆ ಬರುತ್ತದೆ. ಎಲ್ಲ ಎಲೆಕ್ಟ್ರಿಕ್ ಸೈಕಲ್‌ಗೂ ಹಾಕೋಣ ಅಂದರೆ ಅಜ್ಜ-ಅಜ್ಜಿಯರು ಸಿಟ್ಟಾಗುತ್ತಾರೆ, ಅವರ ಓಟು ಜಾಸ್ತಿ. ಎನ್‌ಸ್ಖೆಡೆ ನಗರ ಫ್ಯಾಟ್‌ಬೈಕನ್ನು ಊರ ನಡುವಿನಿಂದ ಹೊರಗಿಡಲು ಹೊರಟಿತು, ಆಮ್‌ಸ್ಟರ್‌ಡಾಮ್ ವೊಂಡೆಲ್‌ಪಾರ್ಕ್‌ನಿಂದ. ನನ್ನನ್ನು ಕೇಳಿದರೆ ವಯಸ್ಸಿನ ಮಿತಿ ಸರಿ, ಟೈರ್ ಅಳೆಯುವ ಕೆಲಸ ದಂಡ. ಮಾರುವವನ ಕಾಲರ್ ಹಿಡಿಯದೆ ಹದಿಮೂರರ ಹುಡುಗನನ್ನು ರೋಲರ್ ಮೇಲೆ ಹತ್ತಿಸುವುದರಲ್ಲಿ ಏನು ಬಂತು? ಆದರೆ ಆ ಜಗಳ ಮುಗಿಯುವ ಹೊತ್ತಿಗೆ ನಿಮ್ಮ ಮಗನ ಹೈಸ್ಕೂಲೇ ಮುಗಿದಿರುತ್ತದೆ. ಅದಕ್ಕೆ ಕಾಯುವ ಅಗತ್ಯವೂ ಇಲ್ಲ. ಗಾಡಿಗೆ ದುಡ್ಡು ಕೊಡುವವರು ನಾವು.

ಮಕ್ಕಳ ಕಡೆ ನ್ಯಾಯವೇ ಇಲ್ಲ ಅಂತಲ್ಲ. ಗಾಳಿಗೆ ಎದುರಾಗಿ ಹತ್ತು ಕಿಲೋಮೀಟರ್ ತುಳಿದು, ಬೆವರಿನಲ್ಲೇ ಮೊದಲ ಪೀರಿಯಡ್‌ಗೆ ಕೂರುವುದು ಯಾರಿಗೂ ಬೇಡ. ಹೊಸ ಶಾಲೆ, ಹೊಸ ಭಾಷೆ, ಚರ್ಮದ ಬಣ್ಣವೂ ಬೇರೆ. ಎಲ್ಲರ ಹತ್ತಿರ ಇರುವುದು ತನ್ನ ಹತ್ತಿರವೂ ಇದ್ದರೆ ಒಳಗೆ ಸೇರಿಸಿಕೊಳ್ಳುತ್ತಾರೆ ಅನ್ನುವ ಆಸೆ ಸುಮ್ನೆ ಶೋಕಿಯಲ್ಲ. ಇದನ್ನು ತಳ್ಳಿಹಾಕಿದರೆ ಮಗು ನಮ್ಮ ಹತ್ತಿರ ಮಾತೇ ಆಡುವುದಿಲ್ಲ. ದೂರ ನಿಜವಾಗಿಯೂ ಜಾಸ್ತಿ ಇದ್ದರೆ ಎಕ್ಸಿಲರೇಟರ್ ಇಲ್ಲದ, ಪೆಡಲ್ ತುಳಿಸುವ, ಮಿತಿ ಬಿಚ್ಚಲು ಸುಲಭಕ್ಕೆ ಆಗದ ಒಳ್ಳೆ ಸೈಕಲ್ಲನ್ನು ಹತ್ತಿರದ ಸೈಕಲ್ ಅಂಗಡಿಯಲ್ಲಿ ನೋಡಿ. ಅದು ಫ್ಯಾಟ್‌ಬೈಕ್‌ಗಿಂತ ದುಬಾರಿ ಬೀಳಬಹುದು. ಸೆಕೆಂಡ್ ಹ್ಯಾಂಡ್ ಸಿಗುತ್ತದೆ. ಐದು ಕಿಲೋಮೀಟರ್ ಆದರೆ ಗೇರ್ ಇರುವ ಮಾಮೂಲಿ ಸೈಕಲ್ ಸಾಕು, ಒಂದೇ ತಿಂಗಳಲ್ಲಿ ಕಾಲು ಪಳಗುತ್ತದೆ. ಅವರು ಪ್ರೈಮರಿಯಲ್ಲಿ ಸೈಕಲ್ ಪರೀಕ್ಷೆ ಪಾಸಾಗಿ ಬಂದವರು, ಬಲಗಡೆಯವರಿಗೆ ದಾರಿ, ರಸ್ತೆ ಮೇಲಿನ ಬಿಳಿ ತ್ರಿಕೋನದ ಮುಂದೆ ಮಿಕ್ಕವರಿಗೆ ದಾರಿ ಬಿಡಬೇಕು, ಕೈ ಚಾಚಿ ತಿರುಗಬೇಕು, ಎಲ್ಲ ನಮಗಿಂತ ಚೆನ್ನಾಗಿ ಗೊತ್ತು. ಆದರೆ ಆ ಪರೀಕ್ಷೆಯಲ್ಲಿ ಅವರು ತುಳಿದದ್ದು ಮಾಮೂಲಿ ಸೈಕಲ್, 40ರಲ್ಲಿ ಓಡುವ ಗಾಡಿ ಅಲ್ಲ.

ಮನೆಯಲ್ಲಿ ಈಗಾಗಲೇ ಫ್ಯಾಟ್‌ಬೈಕ್ ಇದ್ದರೆ ಇವತ್ತು ಸಂಜೆ ಶೆಡ್ಡಿಗೆ ಹೋಗಿ. ಮಗನನ್ನೂ ಕರೆದುಕೊಳ್ಳಿ, ಕಳ್ಳನನ್ನು ಹಿಡಿಯುವ ಥರ ಬೇಡ. ಹಿಂದಿನ ಚಕ್ರ ಎತ್ತಿ ಹಿಡಿದು ಹೆಬ್ಬೆರಳಿನ ಎಕ್ಸಿಲರೇಟರ್ ಒತ್ತಿ. ಪೆಡಲ್ ಅಲ್ಲಾಡದೆ ಚಕ್ರ ಭರ್ರನೆ ತಿರುಗಿದರೆ ನಿಮಗೆ ಬೇಕಾದ ಉತ್ತರ ಸಿಕ್ಕಿತು. ಮೋಟಾರು 25ಕ್ಕೆ ಕೈಬಿಡುತ್ತದೋ ಇಲ್ಲವೋ ಅಂತ ಅಂಗಡಿಯಲ್ಲೇ ನೋಡಿಸಿ. ಮಿತಿ ವಾಪಸ್ ಹಾಕಿಸಿ, ಎಕ್ಸಿಲರೇಟರ್ ಕಿತ್ತು ಹಾಕಿಸಿ. ಆಗುವುದಿಲ್ಲ ಅಂದರೆ ಆ ಗಾಡಿ ರಸ್ತೆಗೆ ಬೇಡ. ದಯವಿಟ್ಟು ಅದನ್ನು ಸೆಕೆಂಡ್ ಹ್ಯಾಂಡ್ ಮಾರುವ ಮಾರ್ಕ್ಟ್‌ಪ್ಲಾಟ್ಸ್ ವೆಬ್‌ಸೈಟ್‌ನಲ್ಲಿ ಇನ್ನೊಬ್ಬರ ಮಗನಿಗೆ ದಾಟಿಸಬೇಡಿ. ಹೆಲ್ಮೆಟ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಡಚ್ಚರು ಹಾಕುವುದಿಲ್ಲ ಅಂತ ನಾವೂ ಹಾಕಬಾರದು ಅಂತ ಎಲ್ಲೂ ಬರೆದಿಲ್ಲ.

ನವೆಂಬರ್‌ನಲ್ಲಿ ರಾಜ್ಯೋತ್ಸವಕ್ಕೆ ಹಾಲ್ ಬುಕ್ ಮಾಡುವವರಿಗೆ ಒಂದು ಬೇಡಿಕೆ. ಕಾರ್ಯಕ್ರಮದಲ್ಲಿ ಅರ್ಧ ಗಂಟೆ ಇದಕ್ಕೆ ಕೊಡಿ. ಊರಿಂದ ಬಂದ ಅಪ್ಪ-ಅಮ್ಮಂದಿರಿಗೆ ಕೆಂಪು ಹಾಸು ಯಾರದ್ದು, ಫುಟ್‌ಪಾತ್‌ನಿಂದ ಹೆಜ್ಜೆ ಇಡುವ ಮುಂಚೆ ಎಡಕ್ಕೆ ಯಾಕೆ ನೋಡಬೇಕು ಅಂತ ಯಾರಾದರೂ ತಿಳಿಸಿ ಹೇಳಲಿ. ಹೈಸ್ಕೂಲ್ ಮಕ್ಕಳೇ ಹೇಳಿದರೆ ಇನ್ನೂ ಒಳ್ಳೆಯದು, ಅಜ್ಜಿಯ ಮುಖ ನೋಡಿಕೊಂಡು ಹೇಳಲಿ. ಹಾಲ್ ಹೊರಗೆ ಸಾಲಾಗಿ ನಿಂತ ಫ್ಯಾಟ್‌ಬೈಕ್‌ಗಳ ಚಕ್ರವನ್ನೂ ಅಪ್ಪಂದಿರು ಒಮ್ಮೆ ಎತ್ತಿ ನೋಡಲಿ. ಇದನ್ನು ಊಟಕ್ಕೆ ಮುಂಚೆಯೇ ಇಟ್ಟುಕೊಳ್ಳಿ. ಬಿಸಿಬೇಳೆಬಾತ್ ಆದ ಮೇಲೆ ಯಾರೂ ನಿಲ್ಲುವುದಿಲ್ಲ.

ಇಂತಿ,
ಆಮ್‌ಸ್ಟೆಲ್‌ವೇನ್‌ನಿಂದ ಒಬ್ಬ ಕನ್ನಡತಿ